ಹಾರಿದ ಕತ್ತಿ

ದೊಡ್ಡವರೊಬ್ಬರ ನೆನಪನ್ನು ಉಳಿಸಬೇಕೆಂದರೆ ನಮ್ಮವರಿಗೆ ಮೊದಲು ಹೊಳೆಯುವುದು ಪ್ರತಿಮೆ. ಅದಕ್ಕೆ ಹಣ ಸಾಲದಿದ್ದರೆ ರಸ್ತೆಗೊಂದು ಹೆಸರು. ಅದೂ ಆಗದಿದ್ದರೆ ವರ್ಷಕ್ಕೊಂದು ಭಾಷಣ. ಪಶ್ಚಿಮದ ದೇಶಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ರೂಢಿಯೂ ಉಂಟು. ಅಲ್ಲಿಯವರು ದಿನಬಳಕೆಯ ವಸ್ತುವೊಂದಕ್ಕೆ ಆ ವ್ಯಕ್ತಿಯ ಹೆಸರನ್ನಿಟ್ಟು ಅದನ್ನು ಜನರ ಜೇಬಿಗೇ ಸೇರಿಸಿಬಿಡುತ್ತಾರೆ. ಬ್ರೆಜಿಲ್ ದೇಶದ ಸಾಂತೋಸ್ ದ್ಯೂಮಾಂಟ್ ಎಂಬ ಆದಿ ವೈಮಾನಿಕನಿಗೆ ಹಾರಾಟದ ನಡುವೆ ಜೇಬಿನ ಗಡಿಯಾರವನ್ನು ತೆಗೆದು ನೋಡುವುದು ಕಷ್ಟವಾದಾಗ, ಪ್ಯಾರಿಸ್ಸಿನ ಲೂಯಿ ಕಾರ್ಟಿಯೇ ೧೯೦೪ರಲ್ಲಿ ಅವನಿಗೊಂದು ಕೈಗಡಿಯಾರವನ್ನು ಮಾಡಿಕೊಟ್ಟ. ಆ ಗಡಿಯಾರದ ಮಾದರಿಗೆ ಇಂದಿಗೂ ಅವನದೇ ಹೆಸರು. ಅಮೆರಿಕದ ಜೇಮ್ಸ್ ಬೋವಿ ೧೮೩೬ರಲ್ಲಿ ಸತ್ತ. ಅವನ ಹೆಸರಿನ ಕತ್ತಿ ಬದುಕಿದೆ. ಚಾಕು ಮಾಡುವ ಕಂಪೆನಿಗಳು ವೈಮಾನಿಕರ ಸ್ಮರಣೆಗೆಂದು, ಹಿಡಿಯ ಮೇಲೆ ರೆಕ್ಕೆಯ ಗುರುತನ್ನೋ ವಿಮಾನದ ರೇಖೆಯನ್ನೋ ಕೊರೆದು, ಚಾಕುಗಳನ್ನು ಹೊರತರುವುದೂ ಉಂಟು. ಅಂಥದೊಂದು ಚಾಕುವನ್ನು ಕೈಯಲ್ಲಿ ಹಿಡಿದಿದ್ದ ಗೆಳೆಯರೊಬ್ಬರು ಒಮ್ಮೆ ನನ್ನನ್ನು ಕೇಳಿದರು: 'ನಮ್ಮ ಕಡೆ ಇಂಥದು ಏನಾದರೂ ಉಂಟೇ?'

ಹಾರಿದವರ ನೆನಪಿಗಾಗಿ ನಮ್ಮ ಕಡೆ ಯಾರೂ ಕತ್ತಿಯನ್ನು ಮಾಡಲಿಲ್ಲ. ಆದರೆ ನಮ್ಮ ಮಂಡ್ಯದ ಸೀಮೆಯಲ್ಲಿ ಕತ್ತಿಯೇ ಹಾರಿತು. ಈ ಹೊತ್ತಿನ ನನ್ನ ಮಾತು ಆ ಕತ್ತಿಯನ್ನು ಕುರಿತದ್ದು.

ಲಂಡನ್ ನಗರದ ಅಂಚಿನಲ್ಲಿ ಉಲಿಚ್ ಎಂಬ ಸ್ಥಳವಿದೆ. ಇಂಗ್ಲೆಂಡಿನ ಫಿರಂಗಿದಳದ ಪುರಾತನ ನೆಲೆ ಅದು. ಅಲ್ಲಿನ ಫಿರಂಗಿದಳದ ವಸ್ತುಸಂಗ್ರಹಕ್ಕೆ ಮೈಸೂರಿನ ಎರಡು ರಾಕೆಟ್ಟುಗಳು ಸೇರಿದ್ದವು. ಒಂದರ ಕಬ್ಬಿಣದ ಕೊಳವೆ ೩೭ ಮಿಲಿಮೀಟರ್ ಅಡ್ಡಳತೆಯದು, ೧೯೮ ಮಿಲಿಮೀಟರ್ ಉದ್ದದ್ದು, ಅದನ್ನು ೧.೯ ಮೀಟರ್ ಉದ್ದದ ಬಿದಿರಿನ ಗಳುವಿಗೆ ತೊಗಲಿನ ಪಟ್ಟಿಗಳಿಂದ ಬಿಗಿದಿದೆ. ಇನ್ನೊಂದು ಕೊಳವೆ ಸ್ವಲ್ಪ ದಪ್ಪ: ೫೮ ಮಿಲಿಮೀಟರ್ ಅಡ್ಡಳತೆ, ೨೫೪ ಮಿಲಿಮೀಟರ್ ಉದ್ದ. ಇದನ್ನೂ ತೊಗಲಿನಿಂದಲೇ ಬಿಗಿದಿದೆ. ಆದರೆ ಬಿಗಿದದ್ದು ಬಿದಿರಿಗಲ್ಲ, ೧.೦೨ ಮೀಟರ್ ಉದ್ದದ ಒಂದು ನೇರವಾದ ಕತ್ತಿಯ ಅಲಗಿಗೆ. ಅಂದರೆ ಹೆಚ್ಚುಕಡಿಮೆ ಎರಡು ಮೊಳದ ಕತ್ತಿ. ಅದರ ಬೆನ್ನ ಮೇಲೆ ಗೇಣುದ್ದದ ಕಬ್ಬಿಣದ ಕೊಳವೆ. ಚಿತ್ರದಲ್ಲಿ ಮೊದಲ ಸಲ ಕಂಡವರಿಗೆ ಇದು ಯಾವುದೋ ಹಬ್ಬದ ವೇಷದ ಆಯುಧದಂತೆ ತೋರಬಹುದು. ಆದರೆ ಇದು ರಣರಂಗಕ್ಕೆಂದೇ ಮಾಡಿದ ವಸ್ತು.

ರಾಕೆಟ್ ಎಂಬ ಮಾತು ನಮಗೆ ಈಚಿನದು. ವಸ್ತು ಹಳೆಯದು, ಅದಕ್ಕೆ ಕನ್ನಡದಲ್ಲಿ ಹೆಸರೂ ಇತ್ತು. 'ಬಾಣ' ಎಂದರೆ ಬಿಲ್ಲಿನಿಂದ ಬಿಡುವ ಅಂಬು ಮಾತ್ರವಲ್ಲ, ಮದ್ದಿನ ಬಲದಿಂದ ತಾನಾಗಿ ಹಾರುವ ಬಾಣವೂ ಹೌದು. 'ಬಾಣಬಿರುಸು' ಎಂಬ ಜೋಡುಮಾತು ಜಾತ್ರೆ ಉತ್ಸವಗಳ ನೆನಪಿನೊಡನೆ ಇನ್ನೂ ನಮ್ಮ ಬಾಯಲ್ಲಿ ಉಳಿದಿದೆ. ದೇವರ ಮುಂದೆ ಹಾರಿಸುವ ಬಾಣಕ್ಕೂ ಶತ್ರುವಿನ ಮೇಲೆ ಬಿಡುವ ಬಾಣಕ್ಕೂ ತತ್ತ್ವ ಒಂದೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನೂ ಅರೆದು ಬೆರೆಸಿದರೆ ಮದ್ದಾಗುತ್ತದೆ. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅದನ್ನು ಗಟ್ಟಿಯಾಗಿ ತುಂಬಿ, ತೆರೆದ ತುದಿಯ ಕಿರುಬಾಯಿಗೆ ಬೆಂಕಿ ತಾಗಿಸಿದರೆ, ಒಳಗೆ ಹುಟ್ಟಿದ ಬಿಸಿ ಅನಿಲ ಆ ಬಾಯಿಯಿಂದ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹಾರುತ್ತದೆ. ಚಂದ್ರಲೋಕಕ್ಕೆ ಹೋದ ವಾಹನವೂ ಇದಕ್ಕಿಂತ ಬೇರೆ ತತ್ತ್ವವನ್ನೇನೂ ಕಂಡುಕೊಳ್ಳಲಿಲ್ಲ.

ಹೈದರಾಲಿ, ಟೀಪೂ ಸುಲ್ತಾನರೇ ಪ್ರಪಂಚದಲ್ಲಿ ಮೊದಲು ಯುದ್ಧಕ್ಕೆ ರಾಕೆಟ್ಟನ್ನು ಬಳಸಿದವರೆಂದು ನಮ್ಮ ಸಭೆಗಳಲ್ಲಿ ಹೇಳುವುದುಂಟು. ಅಭಿಮಾನದ ಮಾತು, ಆದರೆ ನಿಜವಲ್ಲ. ಚೀನಾದವರು ೧೩ನೆಯ ಶತಮಾನದಲ್ಲೇ ಮಂಗೋಲರ ಎದುರು ಬೆಂಕಿಯ ಬಾಣಗಳನ್ನು ಬಿಟ್ಟಿದ್ದರು. ಭಾರತದಲ್ಲಿಯೂ ಮೈಸೂರಿಗಿಂತ ಮೊದಲೇ ಬಾಣದ ಪಡೆಗಳಿದ್ದುವು. ಹೈದರನ ತಂದೆ ಫತೇ ಮಹಮ್ಮದನೇ ಆರ್ಕಾಟಿನ ನವಾಬನಲ್ಲಿ ಐವತ್ತು ಮಂದಿ ಬಾಣಗಾರರ ನಾಯಕನಾಗಿದ್ದ. ಮೈಸೂರಿನವರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಅದು ಕೊಳವೆಯಲ್ಲಿದೆ.

ಅದುವರೆಗೆ ಬಾಣದ ಕೊಳವೆಯನ್ನು ಹೆಚ್ಚಾಗಿ ದಪ್ಪ ಕಾಗದದ ಸುರುಳಿಯಿಂದಲೋ ಬಿದಿರಿನಿಂದಲೋ ಮಾಡುತ್ತಿದ್ದರು. ಕಾಗದದ ಕೊಳವೆಯಲ್ಲಿ ಮದ್ದನ್ನು ತೀರ ಬಿಗಿಯಾಗಿ ತುಂಬುವಂತಿಲ್ಲ. ಒತ್ತಡ ಹೆಚ್ಚಿದರೆ ಅದು ಹಾರುವ ಮೊದಲೇ ಸಿಡಿದುಹೋಗುತ್ತದೆ. ಮೈಸೂರಿನ ಕಮ್ಮಾರರು ಮೆದುಕಬ್ಬಿಣದ ತಗಡನ್ನು ಬಡಿದು ಸುತ್ತಿ ಕೊಳವೆ ಮಾಡಿದರು. ಕಬ್ಬಿಣ ಒತ್ತಡವನ್ನು ತಾಳುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ಹೊರನುಗ್ಗುವ ವೇಗ ಹೆಚ್ಚು. ಅದು ಹೆಚ್ಚಿದಷ್ಟೂ ಬಾಣದ ನೂಕುಬಲ ಹೆಚ್ಚು. ಹೀಗಾಗಿ ಅವರ ಬಾಣಗಳು ಒಂದರಿಂದ ಎರಡು ಕಿಲೋಮೀಟರುಗಳವರೆಗೆ ಹೋಗಬಲ್ಲವಾದುವು. ಆ ಕಾಲದ ಯೂರೋಪಿನಲ್ಲಿ ಇದಕ್ಕೆ ಸಾಟಿಯಾದದ್ದು ಇರಲಿಲ್ಲ. ಮಾತಿನಲ್ಲಿ ಇದು ಸುಲಭವೆನಿಸುತ್ತದೆ. ಆದರೆ ತಗಡಿನ ಅಂಚುಗಳನ್ನು ಸಂದಿಲ್ಲದಂತೆ ಕೂಡಿಸಿ, ಎಲ್ಲ ಕಡೆಯೂ ಒಂದೇ ದಪ್ಪ ಬರುವಂತೆ ಬಡಿಯುವುದು ಎಂಥ ಕೆಲಸವೆಂಬುದನ್ನು ಕುಲುಮೆಯ ಮುಂದೆ ಕುಳಿತವರೇ ಬಲ್ಲರು.

ನಾನು ಕುಳಿತದ್ದು ಮಳವಳ್ಳಿಯ ಕಡೆಯ ಒಂದು ಕುಲುಮೆಯ ಮುಂದೆ. ಕಬ್ಬಿನ ಕಟಾವಿಗೆ ಇನ್ನೂ ಕೆಲವು ದಿನಗಳಿದ್ದುವು. ಮಚ್ಚು, ಕುಡುಗೋಲುಗಳನ್ನು ಹದ ಹಾಕಿಸಲು ಜನ ಬಂದು ಹೋಗುತ್ತಿದ್ದರು. ಹಿಂದೆ ತಿದಿ ಒತ್ತುತ್ತಿದ್ದ ಜಾಗದಲ್ಲಿ ಈಗ ವಿದ್ಯುತ್ತಿನ ಬೀಸಣಿಗೆ ಗೊರಗುಟ್ಟುತ್ತದೆ. ಅಡಿಗಲ್ಲು ಮಾತ್ರ ತಾತನ ಕಾಲದ್ದೇ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ತಾಲ್ಲೂಕುಗಳು ಈ ಮಚ್ಚಿನ ಋಣದಲ್ಲಿವೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿದ ಮೇಲೆ, ಇಲ್ಲಿನ ಕಮ್ಮಾರನ ವರ್ಷಫಲ ನಿಂತಿರುವುದು ಕಬ್ಬನ್ನು ಕಡಿಯುವ ಕತ್ತಿಯ ಮೇಲೆ.

ನಾನು ಉಲಿಚ್ಚಿನ ರಾಕೆಟ್ಟಿನ ಅಳತೆಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅದನ್ನು ಮುಂದೆ ಹಿಡಿದು, 'ಆಚಾರ್ರೇ, ಕತ್ತಿಗೆ ಹೀಗೊಂದು ಕೊಳವೆ ಕಟ್ಟಿ ಹಾರಿಸುತ್ತಿದ್ದರಂತೆ, ಇದು ನೆಟ್ಟಗೆ ಹೋದೀತೆ?' ಎಂದು ಕೇಳಿದೆ. ಅವರು ಕಾಗದವನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಹಿಡಿಯಿಲ್ಲದ ಮಚ್ಚೊಂದನ್ನು ಎತ್ತಿ, ತೋರುಬೆರಳಿನ ಮೇಲೆ ಅಡ್ಡಲಾಗಿಟ್ಟು, ಅದು ಎಲ್ಲಿ ಸಮತೂಕಕ್ಕೆ ನಿಲ್ಲುತ್ತದೆಂದು ತೋರಿಸಿದರು.

'ತಲೆ ಕಡೆ ಭಾರ ಇದ್ರೆ ತಾನೇ ಸ್ವಾಮಿ ನೆಟ್ಟಗೆ ಹೋಗಾದು? ಬಾಲ್ದಲ್ಲೇ ಭಾರ ಇಕ್ಕುದ್ರೆ ಅದು ತಿರಿಕ್ಕೊಂಡು ಬೀಳ್ತದೆ.'

ಏರೋಡೈನಮಿಕ್ಸ್ ಎಂಬ ಶಾಸ್ತ್ರದ ಒಂದು ಮುಖ್ಯ ಅಧ್ಯಾಯವನ್ನು ಅವರು ಹೀಗೆ ಒಂದೂವರೆ ವಾಕ್ಯದಲ್ಲಿ ಮುಗಿಸಿಬಿಟ್ಟರು. ಅದನ್ನು ಸ್ವಲ್ಪ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಹಾರುವ ಬಾಣಕ್ಕೆ ಎರಡು ನಡುಬಿಂದುಗಳಿವೆ. ಒಂದು, ಅದರ ತೂಕದ ನಡು. ಬೆರಳಿನ ಮೇಲೆ ಇಟ್ಟಾಗ ಸಮತೂಕಕ್ಕೆ ನಿಲ್ಲುವ ಜಾಗ. ಇನ್ನೊಂದು, ಗಾಳಿಯ ಒತ್ತಿನ ನಡು. ಬಾಣ ಸ್ವಲ್ಪ ಓರೆಯಾದರೆ ಗಾಳಿ ಪಕ್ಕದಿಂದ ಅದನ್ನು ತಳ್ಳುತ್ತದೆಯಲ್ಲ, ಆ ತಳ್ಳುವಿಕೆಯೆಲ್ಲ ಸೇರಿ ಬೀಳುವ ಸ್ಥಾನ. ಗಾಳಿಯ ನಡು ತೂಕದ ನಡುವಿಗಿಂತ ಹಿಂದಿದ್ದರೆ, ಮೂತಿ ಓರೆಯಾದಾಗ ಗಾಳಿಯೇ ಬಾಲವನ್ನು ತಳ್ಳಿ ಅದನ್ನು ನೆಟ್ಟಗೆ ಮಾಡುತ್ತದೆ. ಮುಂದಿದ್ದರೆ ಆ ಗಾಳಿಯೇ ಅದನ್ನು ಇನ್ನಷ್ಟು ತಿರುಗಿಸಿ ಪಲ್ಟಿ ಹೊಡೆಸುತ್ತದೆ. ಬಿಲ್ಲಿನ ಅಂಬಿನ ತುದಿಗೆ ಲೋಹವನ್ನೂ ಹಿಂದಕ್ಕೆ ಗರಿಯನ್ನೂ ಕಟ್ಟುವುದು ಇದಕ್ಕೇ. ಬಾಣಕ್ಕೆ ಬಿದಿರಿನ ಗಳುವನ್ನು ಕಟ್ಟುವುದೂ ಇದಕ್ಕೇ. ಬಿದಿರು ಹಗುರ, ಹಾಗಾಗಿ ತೂಕದ ನಡು ಕೊಳವೆಯ ಹತ್ತಿರವೇ ಉಳಿಯುತ್ತದೆ. ಬಿದಿರು ಉದ್ದ, ಹಾಗಾಗಿ ಗಾಳಿಯ ನಡು ದೂರ ಹಿಂದಕ್ಕೆ ಸರಿಯುತ್ತದೆ. ಗಾಳಿಪಟ ಹಾರಿಸುವ ಹುಡುಗರು ಬಾಲಂಗೋಚಿಯಿಂದ ಸಾಧಿಸುವುದೂ ಇದರ ಸಮೀಪದ್ದೇ.

ಈಗ ಕತ್ತಿಯ ರಾಕೆಟ್ಟನ್ನು ನೋಡಿ. ಬಿದಿರಿನ ರಾಕೆಟ್ಟಿನಲ್ಲಿ ಬಾಲದ ಉದ್ದ ಕೊಳವೆಯ ಉದ್ದಕ್ಕೆ ಒಂಬತ್ತೂವರೆ ಪಟ್ಟು. ಕತ್ತಿಯ ರಾಕೆಟ್ಟಿನಲ್ಲಿ ಬರೀ ನಾಲ್ಕು ಪಟ್ಟು. ಅದರ ಮೇಲೆ, ಉಕ್ಕು ಬಿದಿರಿನಂತೆ ಹಗುರವಲ್ಲ. ಹಾರಾಟದ ಮೊದಲಲ್ಲಿ ಕೊಳವೆಯ ತುಂಬ ಮದ್ದಿರುವುದರಿಂದ ತಲೆ ಭಾರವಾಗಿದ್ದು, ಬಾಣ ಒಂದು ಮಟ್ಟಿಗೆ ನೆಟ್ಟಗೆ ಹೋಗುತ್ತದೆ. ಮದ್ದು ಉರಿಯುತ್ತ ಹೋದ ಹಾಗೆಲ್ಲ ತಲೆ ಹಗುರವಾಗುತ್ತದೆ. ಬಾಲದ ಉಕ್ಕು ಮಾತ್ರ ಎಷ್ಟಿತ್ತೋ ಅಷ್ಟೇ. ತೂಕದ ನಡು ಮೆಲ್ಲಮೆಲ್ಲನೆ ಹಿಂದಕ್ಕೆ ಜಾರುತ್ತದೆ. ಕೊನೆಗೊಮ್ಮೆ ತಲೆ ಯಾವುದು, ಬಾಲ ಯಾವುದು ಎಂಬ ಭೇದ ಬಾಣಕ್ಕೇ ತಿಳಿಯದಾಗುತ್ತದೆ. ಆಗ ಅದು ಗಿರ್ರನೆ ಸುತ್ತತೊಡಗುತ್ತದೆ. ಎರಡು ಮೊಳದ ಕತ್ತಿ ಸುತ್ತುತ್ತ ಸೈನಿಕರ ಸಾಲಿನೊಳಕ್ಕೆ ಇಳಿದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಹೊಲ ಕೊಯ್ಯುವ ಕುಡುಗೋಲಿನಂತೆ ಅದು ಜನರನ್ನು ಕೊಯ್ಯುತ್ತಿತ್ತೆಂದು ಈ ರಾಕೆಟ್ಟುಗಳ ಬಗ್ಗೆ ಬರೆದವರು ಹೇಳಿದ್ದಾರೆ.

ಇದನ್ನು ಬೇಕೆಂದೇ ಹೀಗೆ ಮಾಡಿದರೋ, ಅಥವಾ ಕೈಗೆ ಸಿಕ್ಕ ಹಳೆಯ ಕತ್ತಿಯನ್ನು ಗಳುವಿನ ಬದಲು ಕಟ್ಟಿ, ಅದರ ಫಲವನ್ನು ಆಮೇಲೆ ಕಂಡುಕೊಂಡರೋ? ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಸಹಜವೆನಿಸುತ್ತದೆ. ಕುಲುಮೆಯಲ್ಲಿ ಹುಟ್ಟುವ ಹೊಸತು ಬಹುಮಟ್ಟಿಗೆ ಹೀಗೆಯೇ ಹುಟ್ಟುತ್ತದೆ: ಇದ್ದದ್ದನ್ನು ಬಳಸಿ, ಕೆಟ್ಟದ್ದನ್ನು ನೋಡಿ, ಆ ಕೇಡಿನಿಂದಲೇ ಒಂದು ಉಪಯೋಗವನ್ನು ಹಿಂಡಿ.

ಉಕ್ಕು ಕಬ್ಬಿಣಗಳಿಗೆ ಈ ಸೀಮೆಯವರು ಹೊರಗೆ ಕೈಚಾಚಬೇಕಾಗಿರಲಿಲ್ಲ. ಟೀಪೂ ಮಡಿದ ಮರುವರ್ಷ, ೧೮೦೦ರಲ್ಲಿ, ಈ ನಾಡನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್, ಮಳೆನೀರು ಹೊತ್ತು ತಂದ ಕರಿಮರಳನ್ನು ಕಾಯಿಸಿ ಕಬ್ಬಿಣ ತೆಗೆಯುವವರನ್ನೂ, ಮೂಸೆಯಲ್ಲಿ ಉಕ್ಕು ಮಾಡುವವರನ್ನೂ ಕಂಡು ಬರೆದಿಟ್ಟಿದ್ದಾನೆ. ಮದ್ದೂರಿಗೆ ನೆರೆಯ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅವನು ನೋಡಿದ. ವೀಣೆಯ ತಂತಿಯಾಗಬಲ್ಲ ಉಕ್ಕು ಇದ್ದ ಸೀಮೆಯಲ್ಲಿ ಕತ್ತಿಗೇನು ಕೊರತೆ? ಮದ್ದೂರಿನ ಹೆಸರಿನಲ್ಲೇ ಮದ್ದಿದೆ, ಟೀಪೂವಿನ ಕಾಲದಲ್ಲಿ ಅಲ್ಲಿ ಮದ್ದು ತಯಾರಾಗುತ್ತಿತ್ತು, ಅದಕ್ಕೇ ಆ ಹೆಸರು ಎಂದು ಜನ ಹೇಳುವುದುಂಟು. ಕೇಳಲು ಸೊಗಸಾಗಿದೆ. ಆದರೆ ಆ ಊರಿನ ಹಳೆಯ ಹೆಸರು ಮರುದೂರು ಎಂದು ಬಲ್ಲವರು ಹೇಳುತ್ತಾರೆ. ಅದು ಸಿಡಿಮದ್ದಿಗಿಂತ ಬಹಳ ಹಿಂದಿನದು.

ಬಾಣದ ಪಡೆ ಹೈದರನ ಕಾಲದಲ್ಲಿ ಸುಮಾರು ೧೨೦೦ ಮಂದಿಯದಾಗಿತ್ತು. ಟೀಪೂವಿನ ಕಾಲಕ್ಕೆ ೫೦೦೦ದಷ್ಟಕ್ಕೆ ಬೆಳೆಯಿತು. 'ಫತುಲ್ ಮುಜಾಹಿದೀನ್' ಎಂಬ ಅವನ ಸೈನಿಕ ಕೈಪಿಡಿ ಪ್ರತಿಯೊಂದು ಕುಷೂನ್ ಎಂಬ ದಳಕ್ಕೂ ಇನ್ನೂರು ಬಾಣಗಾರರನ್ನು ಗೊತ್ತುಮಾಡಿತ್ತು. ಕೊಳವೆಯ ದಪ್ಪವೆಷ್ಟು, ಶತ್ರು ಎಷ್ಟು ದೂರ ಎಂಬುದನ್ನು ನೋಡಿ ಬಾಣವನ್ನು ಎಷ್ಟು ಓರೆಯಲ್ಲಿ ಹಿಡಿಯಬೇಕೆಂದು ಲೆಕ್ಕ ಹಾಕುವ ಶಿಕ್ಷಣ ಈ ಸಿಪಾಯಿಗಳಿಗಿತ್ತು. ಐದು ಹತ್ತು ಬಾಣಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಬಿಡಬಲ್ಲ ಗಾಡಿಗಳೂ ಇದ್ದುವು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ಬಾಣಗಳು ತಯಾರಾಗುತ್ತಿದ್ದ ಪೇಟೆಗಳಿಗೆ ಅವನು ಇಟ್ಟ ಹೆಸರು ತಾರಾಮಂಡಲಪೇಟೆ. ಬೆಂಗಳೂರಿನ ಹಳೆಯ ಪೇಟೆಯೊಳಗೆ ಆ ಹೆಸರು ಇನ್ನೂ ಉಳಿದಿದೆ. ಕೊಲ್ಲುವ ವಸ್ತುವನ್ನು ಮಾಡುವ ಕೇರಿಗೆ ನಕ್ಷತ್ರಗಳ ಹೆಸರು! ಟೀಪೂವಿನ ಆಳ್ವಿಕೆಯ ಸರಿತಪ್ಪುಗಳ ವಾದಕ್ಕೆ ಇಲ್ಲಿ ನಾನು ಇಳಿಯುವುದಿಲ್ಲ. ಅದಕ್ಕೆ ಬೇರೆ ವೇದಿಕೆಗಳು ಧಾರಾಳವಾಗಿವೆ. ಆದರೆ ಹೆಸರಿಡುವುದರಲ್ಲಿ ಅವನಿಗೊಂದು ಕಾವ್ಯಬುದ್ಧಿಯಿತ್ತೆಂದು ಒಪ್ಪಬೇಕು.

೧೭೮೦ರ ಸೆಪ್ಟೆಂಬರ್ ೧೦ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ನುಚ್ಚುನೂರಾಯಿತು. ಅವನ ಮದ್ದಿನ ಬಂಡಿಗಳು ಸಿಡಿದದ್ದು ಆ ಸೋಲಿನ ಮುಖ್ಯ ಕಾರಣಗಳಲ್ಲಿ ಒಂದು. ಸಿಡಿಸಿದ್ದು ಮೈಸೂರಿನ ಬಾಣವೆಂದು ಬಹುಕಾಲದಿಂದ ಹೇಳಿಕೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಡುವಣ ಗೋಡೆಯಲ್ಲಿ ಈ ಯುದ್ಧದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಬೇಲಿಯ ಹಿಂದುಗಡೆಯೇ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಚಿತ್ರಕಾರ ಬರೆದಿದ್ದಾನೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಉಪಾಧ್ಯಾಯರು ಆನೆ ಕುದುರೆಗಳನ್ನು ತೋರಿಸಿ ಮುಂದೆ ಹೋಗುತ್ತಾರೆ. ಆ ಬಂಡಿಯ ಮುಂದೆ ಎರಡು ನಿಮಿಷ ನಿಂತರೆ ನಷ್ಟವಿಲ್ಲ.

ಮುಂದಿನ ಯುದ್ಧಗಳು ನಮ್ಮ ಊರುಗಳ ನಡುವೆಯೇ ಹಾದುಹೋದುವು. ಹೈದರ್ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನು ೧೭೯೧ರಲ್ಲಿ ಕಾರ್ನ್‌ವಾಲೀಸ್ ಕೆಡವಿದ. ೧೭೯೯ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸ್ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿಯಾಗಿ ಬಂದ. ಮದ್ದೂರು ಹೊಳೆಯ ದಡದಲ್ಲಿ ಬೀಡುಬಿಟ್ಟಿದ್ದ ಟೀಪೂ ಮಳವಳ್ಳಿಯ ಬಳಿ ಅವನನ್ನು ತಡೆದ. ಮಾರ್ಚ್ ೨೭ರಂದು ನಡೆದ ಆ ಕಾಳಗದಲ್ಲಿ ಮೈಸೂರಿನ ಕಾಲಾಳುಗಳು ಹಿಮ್ಮೆಟ್ಟಬೇಕಾಯಿತು. ಹ್ಯಾರಿಸ್ ಉತ್ತರದ ನೇರ ದಾರಿಯಲ್ಲಿ ಬರುತ್ತಾನೆಂದು ಟೀಪೂ ಅಲ್ಲಿನ ಮೇವನ್ನೆಲ್ಲ ಹಾಳುಮಾಡಿಸಿದ್ದ. ಅವನೋ ತೆಂಕಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟ.

ಬಾಣಗಾರರ ದೊಡ್ಡ ರಾತ್ರಿ ಇನ್ನೂ ಮುಂದಿತ್ತು. ಏಪ್ರಿಲ್ ೫ರ ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ತೋಪನ್ನು ಹಿಡಿಯಲು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹೊರಟ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಕಗ್ಗತ್ತಲೆ, ತೋಪಿನ ಒಳಗೆಲ್ಲ ನೀರಿನ ಕಾಲುವೆಗಳು, ಎದುರಿನಿಂದ ಬಾಣಗಳ ಮಳೆ. ಸೈನಿಕರು ಚೆಲ್ಲಾಪಿಲ್ಲಿಯಾದರು, ಹನ್ನೆರಡು ಮಂದಿ ಸೆರೆಸಿಕ್ಕರು, ವೆಲ್ಲೆಸ್ಲಿಯ ಮೊಣಕಾಲಿಗೂ ಪೆಟ್ಟುಬಿತ್ತು. ದಾರಿ ತಪ್ಪಿ ಹೇಗೋ ಬೀಡಿಗೆ ಮರಳಿದ. ಮರುದಿನ ಬೆಳಕಿನಲ್ಲಿ ಹೆಚ್ಚಿನ ಸೈನ್ಯದೊಡನೆ ಹೋಗಿ ತೋಪನ್ನು ಹಿಡಿದನೆಂಬುದು ನಿಜ. ಆದರೂ ಆ ರಾತ್ರಿಯನ್ನು ಅವನು ಬಾಳಿನಲ್ಲಿ ಮರೆಯಲಿಲ್ಲ. ೧೨ನೆಯ ರೆಜಿಮೆಂಟಿನ ಬೇಯ್ಲಿ ಎಂಬ ಅಧಿಕಾರಿ ತನ್ನ ದಿನಚರಿಯಲ್ಲಿ ಬಾಣಗಳ ಕಾಟವನ್ನು ಬಣ್ಣಿಸುತ್ತ, ಆಲಿಕಲ್ಲಿನ ಮಳೆಗೆ ಹೋಲಿಸಿದ್ದಾನೆ. ಸಾಲಿನ ಮುಂದುಗಡೆ ಹೊಕ್ಕ ಬಾಣ ಹಿಂದುಗಡೆ ಹೊರಬರುವವರೆಗೂ ಜನರನ್ನು ಸೀಳುತ್ತಿತ್ತಂತೆ. ಅದರ ಬಿದಿರು ಇಪ್ಪತ್ತು ಮೂವತ್ತು ಅಡಿ ಉದ್ದವಿತ್ತೆಂದು ಅವನು ಹೇಳುತ್ತಾನೆ. ಉಲಿಚ್ಚಿನ ಬಿದಿರಾದರೋ ಆರು ಅಡಿಗಿಂತ ಸ್ವಲ್ಪ ಹೆಚ್ಚು. ದೊಡ್ಡ ಬಾಣಗಳೂ ಇದ್ದಿರಬಹುದು. ಅಥವಾ ಕತ್ತಲೆಯಲ್ಲಿ ತನ್ನತ್ತ ಬರುವ ಬಿದಿರು ಯಾರಿಗಾದರೂ ಉದ್ದವಾಗಿಯೇ ಕಂಡೀತು.

ಮೇ ೨ರಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಇಂಗ್ಲಿಷರ ಗುಂಡು ಬಿದ್ದು ಅದು ಸಿಡಿಯಿತು. ಮೇ ೪ರಂದು ಕೋಟೆ ಬಿತ್ತು, ಟೀಪೂ ಮಡಿದ. ಗೆದ್ದವರು ಲೆಕ್ಕ ಹಾಕಿದಾಗ ಬಾಣ ಬಿಡುವ ೬೦೦ ಸಾಧನಗಳೂ, ಸಿದ್ಧವಾಗಿದ್ದ ೭೦೦ ಬಾಣಗಳೂ, ಮದ್ದು ತುಂಬದ ೯೦೦೦ ಕೊಳವೆಗಳೂ ಸಿಕ್ಕುವು. ಒಂಬತ್ತು ಸಾವಿರ ಬರಿಯ ಕೊಳವೆ! ಎಷ್ಟು ಕುಲುಮೆಗಳಲ್ಲಿ ಎಷ್ಟು ಕೈಗಳು ಬಡಿದಿದ್ದಿರಬೇಕು?

ಸಿಕ್ಕಿದವುಗಳಲ್ಲಿ ಕೆಲವು ಹಡಗು ಹತ್ತಿ ಇಂಗ್ಲೆಂಡಿಗೆ ಹೋದುವು. ಉಲಿಚ್ಚಿನ ಆಯುಧಶಾಲೆಯ ಮುಖ್ಯಸ್ಥನ ಮಗ ವಿಲಿಯಂ ಕಾಂಗ್ರೀವ್ ೧೮೦೪ರ ಹೊತ್ತಿಗೆ ರಾಕೆಟ್ಟಿನ ಪ್ರಯೋಗಗಳಿಗೆ ಕೈಹಾಕಿದ. ಅವನೂ ಕಬ್ಬಿಣದ ಕೊಳವೆಗೇ ಬಂದ; ಅಳತೆಗಳನ್ನು ಗೊತ್ತುಪಡಿಸಿದ, ಮದ್ದಿನ ಪಾಕವನ್ನು ಹದಗೊಳಿಸಿದ, ಕಾರ್ಖಾನೆಯ ರೀತಿಯಲ್ಲಿ ಸಾವಿರಗಟ್ಟಲೆ ಮಾಡಿಸಿದ. ಇದು ಸಣ್ಣ ಕೆಲಸವಲ್ಲ, ಅವನ ಪಾಲಿನ ಕೀರ್ತಿ ಅವನಿಗೆ ಸಲ್ಲಬೇಕು. ೧೮೦೬ರಲ್ಲಿ ಫ್ರಾನ್ಸಿನ ಬೂಲೋನ್ ಬಂದರು, ೧೮೦೭ರಲ್ಲಿ ಕೋಪನ್‌ಹೇಗನ್ ನಗರ ಆ ರಾಕೆಟ್ಟುಗಳಿಂದ ಉರಿದುವು. ೧೮೧೪ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೋಟೆಯ ಮೇಲೆ ಅವುಗಳನ್ನು ಬಿಟ್ಟಾಗ ಕಂಡ ಕೆಂಬೆಳಕು ಆ ದೇಶದ ರಾಷ್ಟ್ರಗೀತೆಯೊಳಕ್ಕೂ ಸೇರಿತು. ಇಂಡಿಯಾದಲ್ಲಿ ರಾಕೆಟ್ಟುಗಳ ಬಳಕೆಯಿದ್ದುದು ತನಗೆ ಗೊತ್ತೆಂದು ಕಾಂಗ್ರೀವ್ ತನ್ನ ಬರಹದಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಅವು ತೀರ ಚಿಕ್ಕವು, ಸಾವಿರ ಗಜಕ್ಕಿಂತ ದೂರ ಹೋಗುವಂಥವಲ್ಲ ಎಂದು ಒಂದು ಮಾತಿನಲ್ಲಿ ಅವುಗಳನ್ನು ಬದಿಗೆ ಸರಿಸಿಬಿಟ್ಟ. ಅಂದಿನಿಂದ ಅದು ಕಾಂಗ್ರೀವ್ ರಾಕೆಟ್. ಶ್ರೀರಂಗಪಟ್ಟಣದ ಕಮ್ಮಾರನ ಹೆಸರನ್ನು ಇಂಗ್ಲಿಷರೂ ಬರೆದುಕೊಳ್ಳಲಿಲ್ಲ. ನಾವು ಅವರನ್ನು ಮಾತ್ರ ದೂರುವಂತಿಲ್ಲ. ಸುಲ್ತಾನನ ದಫ್ತರವೂ ನಮಗೆ ಆ ಹೆಸರನ್ನು ಉಳಿಸಿಕೊಡಲಿಲ್ಲ.

ಕತ್ತಿಯ ರಾಕೆಟ್ಟಿನ ಸಂತತಿ ಮಾತ್ರ ಅಲ್ಲಿಗೇ ನಿಂತಿತು. ಕಾಂಗ್ರೀವನು ಮರದ ಕೋಲನ್ನೇ ಉಳಿಸಿಕೊಂಡು, ಕೊಲ್ಲುವ ಭಾಗವನ್ನು ತಲೆಯೊಳಗಿಟ್ಟ. ಅವನ ಕಾಲದಲ್ಲೇ ಆ ಕೋಲು ಬದಿಯಿಂದ ಬುಡದ ನಡುವಿಗೆ ಬಂದಿತು. ವಿಲಿಯಂ ಹೇಲ್ ಎಂಬಾತ ೧೮೪೪ರಲ್ಲಿ ರಾಕೆಟ್ಟನ್ನೇ ಬುಗುರಿಯಂತೆ ತಿರುಗಿಸಿ ಕೋಲನ್ನೇ ಬೇಡವೆನಿಸಿದ.

೧೯೬೩ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತರಬೇತಿಗಾಗಿ ಅಮೆರಿಕದ ವಾಲಪ್ಸ್ ಎಂಬ ರಾಕೆಟ್ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿನ ಹಜಾರದಲ್ಲಿ ತೂಗುಹಾಕಿದ್ದ ಒಂದು ಚಿತ್ರ ಅವರ ಕಣ್ಣನ್ನು ಸೆಳೆಯಿತು. ರಾಕೆಟ್ಟುಗಳು ಹಾರುತ್ತಿರುವ ಯುದ್ಧದ ಚಿತ್ರ. ಬಿಡುತ್ತಿದ್ದವರು ಮಾತ್ರ ಬಿಳಿಯರಲ್ಲ, ಕಪ್ಪುಮೈಯವರು. ಹತ್ತಿರ ಹೋಗಿ ನೋಡಿದರೆ ಇಂಗ್ಲಿಷರೊಡನೆ ಹೋರಾಡುತ್ತಿರುವ ಟೀಪೂವಿನ ಸೈನ್ಯ. ಅವನ ನಾಡೇ ಮರೆತದ್ದನ್ನು ಭೂಮಿಯ ಆಚೆಮಗ್ಗುಲಿನವರು ಗೋಡೆಗೆ ಹಾಕಿಕೊಂಡಿದ್ದಾರೆಂದು ಅವರಿಗೆ ವಿಸ್ಮಯವಾಯಿತು. ಇದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ವರ್ಷದ ನವೆಂಬರ್ ೨೧ರಂದು ಕೇರಳದ ತುಂಬಾದಿಂದ ನಮ್ಮ ನೆಲದ ಮೊದಲ ಸಂಶೋಧನಾ ರಾಕೆಟ್ ಆಕಾಶಕ್ಕೆ ಏರಿತು.

ಮೈಸೂರಿನ ರಾಕೆಟ್ಟಿನ ಕಥೆಯನ್ನು ಅಭಿಮಾನದಿಂದಲ್ಲ, ಅಳತೆಗೋಲಿನಿಂದ ಬರೆದವರು ರೊದ್ದಂ ನರಸಿಂಹ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, ೧೯೮೫ರಲ್ಲಿ, ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಕುರಿತು ಒಂದು ಪ್ರಬಂಧವನ್ನು ಹೊರತಂದರು. ೧೯೯೯ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮತ್ತೊಂದು ಲೇಖನ. ಆ ಲೇಖನದ ಶೀರ್ಷಿಕೆಯಲ್ಲೇ ತಾರಾಮಂಡಲಪೇಟೆಯ ಇಂಗ್ಲಿಷ್ ರೂಪವಿದೆ. ಗಾಳಿಯ ಹರಿವಿನ ಗಣಿತದಲ್ಲಿ ಲೋಕವೇ ಗೌರವಿಸುತ್ತಿದ್ದ ವಿದ್ವಾಂಸರೊಬ್ಬರು ತೊಗಲಿನಲ್ಲಿ ಬಿಗಿದ ಕೊಳವೆಯ ಮಿಲಿಮೀಟರುಗಳನ್ನು ಶ್ರದ್ಧೆಯಿಂದ ನೋಡಿದರು. ೨೦೨೦ರಲ್ಲಿ ಅವರು ತೀರಿಕೊಂಡರು. ಹಾರಾಟದ ಇತಿಹಾಸದಲ್ಲಿ ನಮ್ಮ ಕುಲುಮೆಗೆ ಒಂದು ಸ್ಥಾನ ದೊರೆತಿದ್ದರೆ ಅದಕ್ಕೆ ಬಹುಮಟ್ಟಿಗೆ ಅವರು ಕಾರಣ.

ನೆಲವೂ ಆಗಾಗ ಸಾಕ್ಷಿ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ಒಂದು ಹಾಳು ಬಾವಿಯಿಂದ ೨೦೦೨ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕಿದ್ದುವು. ೨೦೧೮ರ ಜುಲೈಯಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆದಾಗ, ಮದ್ದಿನ ವಾಸನೆ ಇನ್ನೂ ಹೊಡೆಯುತ್ತಿದ್ದ ಕೆಸರಿನೊಳಗಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದುವು. ತುಕ್ಕು ಹಿಡಿದಿದ್ದರೂ ಒಳಗೆ ಮದ್ದಿತ್ತು. ಶ್ರೀರಂಗಪಟ್ಟಣದ ರೈಲ್ವೆ ನಿಲ್ದಾಣದ ಬಳಿಯ ಮದ್ದಿನ ಮನೆಯದು ಇನ್ನೊಂದು ಬಗೆಯ ಕಥೆ. ಜೋಡಿಹಳಿಯ ಕೆಲಸಕ್ಕೆ ಅದು ಅಡ್ಡವಾದಾಗ, ೨೦೧೭ರಲ್ಲಿ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ ಇಡಿಯಾಗಿ ಎತ್ತಿ ಜರುಗಿಸಿ, ನೂರು ಮೀಟರಿನಾಚೆಗೆ ಕೂರಿಸಿದರು. ಹಳೆಯದನ್ನು ಕೆಡವುವುದೇ ರೂಢಿಯಾಗಿರುವ ನಾಡಿನಲ್ಲಿ ಇದನ್ನು ಒಂದು ಪವಾಡವೆಂದೇ ಎಣಿಸಬೇಕು.

ಕೊಲ್ಲುವ ಕತ್ತಿಯ ಬಗ್ಗೆ ಇಷ್ಟು ಹೊತ್ತು ಮೆಚ್ಚಿ ಮಾತಾಡುವುದು ಸರಿಯೇ ಎಂದು ಕೇಳುಗರಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಅನಿಸಿದೆ. ಪೊಳ್ಳಿಲೂರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಕಂಪೆನಿಯ ಸಂಬಳಕ್ಕೆ ಸೇರಿದ್ದ ನಮ್ಮ ದೇಶದ ಸಿಪಾಯಿಗಳೇ. ಕತ್ತಿ ಯಾರ ಕೊರಳಿಗೆ ಇಳಿಯುತ್ತದೆಂಬುದನ್ನು ಕಮ್ಮಾರ ಗೊತ್ತುಮಾಡುವುದಿಲ್ಲ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಅದು ಪೂರ್ತಿ ಸಮಾಧಾನವಲ್ಲ. ಆದರೂ ಗೌರವ ಕೊಡುವುದಾದರೆ ಸುಲ್ತಾನನ ಪ್ರತಿಮೆಗೂ ಕಾಂಗ್ರೀವನ ಹೆಸರಿಗೂ ಮೊದಲು ಅದು ಸಲ್ಲಬೇಕಾದದ್ದು ತಗಡನ್ನು ಸುತ್ತಿದ ಕೈಗೆ, ತೊಗಲನ್ನು ಹದಮಾಡಿ ಬಿಗಿದ ಕೈಗೆ, ಹಳೆಯ ಊರುಗಳ ಮಣ್ಣನ್ನು ಬಸಿದು ಪೆಟ್ಲುಪ್ಪು ತೆಗೆದ ಕೈಗೆ ಎಂಬುದು ನನ್ನ ಎಣಿಕೆ.

ಇದನ್ನೇ ಸ್ವಲ್ಪ ಬೇರೆ ಮಾತಿನಲ್ಲಿ ಮಳವಳ್ಳಿಯ ಆಚಾರರಿಗೆ ಹೇಳಿದೆ. ಅವರು ಅದಕ್ಕೇನೂ ಉತ್ತರ ಕೊಡಲಿಲ್ಲ. ನಾನು ಹೊರಡುವಾಗ ಅಳತೆಯ ಕಾಗದವನ್ನು ಕೇಳಿ ಇಸಿದುಕೊಂಡು, ಹೆಂಚಿನ ಸಂದಿಗೆ ಸಿಕ್ಕಿಸಿದರು.

'ಕೊಳವೆ ಗಿಳವೆ ನಂಗೆ ಬ್ಯಾಡ ಸ್ವಾಮಿ, ಪೊಲೀಸ್ನೋರು ಬತ್ತಾರೆ. ಕತ್ತಿ ಬೇಕಾದ್ರೆ ಅದೇ ಅಳ್ತೇಗೆ ಒಂದು ಬಡ್ದು ಕೊಡ್ತೀನಿ. ಕಟಾವು ಮುಗೀಲಿ.'